ಓನರ್ ಇಲ್ಲದ ಹೋಂಸ್ಟೇ ಯಾಕೆ ಹುಡುಕುತ್ತೀರಿ?

ಪ್ರಶ್ನೆ: ನಾವು ಎಂಟು ಜನ. ಇಬ್ಬರು ಚಿಕ್ಕ ಮಕ್ಕಳು, ಅತ್ತೆಗೆ ಮಂಡಿನೋವು. ಕೊಡಗಿನಲ್ಲಿ ಎರಡು ರಾತ್ರಿ ಉಳಿಯಬೇಕು. ಓನರ್ ಇರದೆ ಇಡೀ ಮನೆ ನಮಗೇ ಸಿಗುವಂಥ ಹೋಂಸ್ಟೇ ಹೇಗೆ ಆರಿಸುವುದು?

ಉತ್ತರ: ದಸರಾ ರಜೆ ಇರಲಿ, ಬೇಸಿಗೆ ರಜೆ ಇರಲಿ, ಈ ಪ್ರಶ್ನೆ ತಪ್ಪದೆ ಬರುತ್ತದೆ. ಮಂಡಿನೋವಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಅಲ್ಲಿ ಎಷ್ಟೋ ಮನೆಗಳು ಇಳಿಜಾರಿನಲ್ಲಿವೆ, ಫೋಟೋದಲ್ಲಿ ಮೆಟ್ಟಿಲು ಕಾಣುವುದಿಲ್ಲ. ಕಾರು ನಿಲ್ಲಿಸಿದ ಜಾಗದಿಂದ ರೂಮಿಗೆ ಎಷ್ಟು ಮೆಟ್ಟಿಲು, ಕಮೋಡ್ ಇದೆಯೇ, ಟಾರು ರಸ್ತೆ ಎಲ್ಲಿಗೆ ಮುಗಿಯುತ್ತದೆ, ಆಮೇಲಿನ ಮಣ್ಣುದಾರಿಯಲ್ಲಿ ನಿಮ್ಮ ಕಾರು ಹೋಗುತ್ತದೆಯೇ ಅಥವಾ ಜೀಪೇ ಬೇಕೇ, ಇಷ್ಟನ್ನು ಫೋನ್ ಮಾಡಿ ಕೇಳಿ. ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ಹೇಳಿ. ಕೊಡವರ ಮನೆಯಲ್ಲಿ ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು, ದಿನನಿತ್ಯದ ಮಾತು. ಬೇರೆ ಪಾತ್ರೆ ಬೇಕಿದ್ದರೆ ಮೊದಲೇ ತಿಳಿಸಿದರೆ ಅವರಿಗೂ ಅನುಕೂಲ.

ಈಗ ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗೆ ಬರುತ್ತೇನೆ. ಓನರ್ ಇರದಿದ್ದರೆ ಆರಾಮು ಅನ್ನುವ ನಂಬಿಕೆ ಎಷ್ಟು ಸಲ ಹೇಳಿದರೂ ಹೋಗುತ್ತಿಲ್ಲ. ಹೋಂಸ್ಟೇ ಅಂದರೆ ಮನೆಯವರು ವಾಸವಿರುವ ಮನೆ. ಅವರು ಇಲ್ಲ ಅಂದಮೇಲೆ ನೀವು ದುಡ್ಡು ಕೊಡುತ್ತಿರುವುದು ಬರೀ ಗೋಡೆಗೆ, ಮಂಚಕ್ಕೆ. ಊರಿನಲ್ಲಾದರೆ ಅದು ನಡೆಯುತ್ತದೆ. ತೋಟದ ಮಧ್ಯೆ ಕರೆಂಟ್ ಹೋದಾಗ ಜನರೇಟರ್ ಎಲ್ಲಿದೆ, ಟ್ಯಾಂಕ್ ಖಾಲಿಯಾದರೆ ಮೋಟಾರ್ ಸ್ವಿಚ್ ಎಲ್ಲಿದೆ, ಯಾವ ಮೂಲೆಯಲ್ಲಿ ನಿಂತರೆ ಮೊಬೈಲ್ ಸಿಗ್ನಲ್ ಬರುತ್ತದೆ, ಇದೆಲ್ಲ ಗೊತ್ತಿರುವುದು ಅಲ್ಲಿ ಬಾಳುವವರಿಗೆ ಮಾತ್ರ.

ಒಮ್ಮೆ ಕೊಡಗಿನ ಸಿದ್ದಾಪುರದ ಕಡೆ ಉಳಿದಿದ್ದೆವು. ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಯಿತು, ತಂಗಿಯ ಮಗನಿಗೆ ಜ್ವರ ಏರುತ್ತಿತ್ತು. ಆಸ್ಪತ್ರೆಗೆ ಹೋಗೋಣ ಎಂದು ಕಾರಿನ ಕೀ ಹಿಡಿದು ಹೊರಟ ಭಾವನನ್ನು ಮನೆಯ ಯಜಮಾನರು ಜಗಲಿಯಲ್ಲೇ ತಡೆದರು. "ಈಗ ಹೋಗಬೇಡಿ. ಕೆಳಗಿನ ಗೇಟ್ ಹತ್ರ ಆನೆ ನಿಂತಿದೆಯಂತೆ, ತೋಟದ ಕೆಲಸದವರ ಲೈನ್‌ಮನೆಯಿಂದ ಫೋನ್ ಬಂತು." ಅವರ ಹೆಂಡತಿ ಟಾರ್ಚ್ ಹಿಡಿದು ಥರ್ಮಾಮೀಟರ್ ತಂದರು, ಒಲೆ ಹಚ್ಚಿ ಗಂಜಿ ಮಾಡಿಕೊಟ್ಟರು. ಆನೆ ದಾಟಿತೆಂದು ಮತ್ತೆ ಫೋನ್ ಬಂದ ಮೇಲೆ ಯಜಮಾನರೇ ಜೀಪ್ ತೆಗೆದು ಮುಂದೆ ಹೋದರು, ನಾವು ಹಿಂದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಆ ಕಾರು ಗೇಟಿನ ತನಕ ಹೋಗಿರುತ್ತಿತ್ತು. ದಕ್ಷಿಣ ಕೊಡಗಿನ ತೋಟಗಳಿಗೆ ಆನೆ ಬರುವುದು ಅಪರೂಪವೇನಲ್ಲ, ಹಲಸು ಹಣ್ಣಾಗುವ ಕಾಲದಲ್ಲಂತೂ ಇನ್ನೂ ಹೆಚ್ಚು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದದ್ದು ನಿಮಗೂ ನೆನಪಿರಬೇಕು. ಜೋರು ಮಳೆಯಲ್ಲಿ ಯಾವ ದಾರಿ ತೆರೆದಿದೆ ಎಂದು ನಿಮ್ಮ ಮೊಬೈಲಿನ ಮ್ಯಾಪಿಗಿಂತ ಮೊದಲು ಆ ಮನೆಯವರಿಗೆ ಗೊತ್ತಾಗುತ್ತದೆ.

"ಅವರೆದುರು ನಮಗೆ ಸಂಕೋಚ" ಅನ್ನುತ್ತೀರಿ. ಹಾಗಾದರೆ ಅದೇ ಅಂಗಳದಲ್ಲಿ ಪ್ರತ್ಯೇಕ ಕಾಟೇಜ್ ಇರುವ ಮನೆ ನೋಡಿ. ನಿಮ್ಮ ಬಾಗಿಲು ನಿಮಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರು. "ಕೇರ್‌ಟೇಕರ್ ಇದ್ದಾರೆ" ಎಂದರೆ ಅಷ್ಟಕ್ಕೇ ಫೋನ್ ಇಡಬೇಡಿ. ರಾತ್ರಿ ಅಲ್ಲೇ ಮಲಗುತ್ತಾರೆಯೇ, ಸಂಜೆ ಆರಕ್ಕೆ ಮನೆಗೆ ಹೋಗುತ್ತಾರೆಯೇ ಕೇಳಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದೂ ಕೇಳಿ. ಸರಿಯಾಗಿ ನಡೆಸುವವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಯಾವಾಗ ಹೋಗಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಮಕ್ಕಳ ಕಾಲಿಗೆ ಜಿಗಣೆ, ಅತ್ತೆಗೆ ಜಾರುವ ಅಂಗಳ, ಎರಡೂ ಬೇಡ. ನನ್ನನ್ನು ಕೇಳಿದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಹೋಗಿ, ಅದೂ ಮನೆಯವರನ್ನು ಕೇಳಿಕೊಂಡು. ಮೊದಲ ಹೂಮಳೆ ಬಿದ್ದ ಸುಮಾರು ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಒಟ್ಟಿಗೇ ಅರಳುತ್ತದೆ. ರೆಂಬೆಯ ಗಿಣ್ಣುಗಿಣ್ಣಿಗೂ ಬಿಳಿ ಗೊಂಚಲು, ಮಲ್ಲಿಗೆಯಂಥ ಘಮ. ಮೂರ್ನಾಲ್ಕು ದಿನಕ್ಕೆ ಬಾಡಿ ಕಂದಾಗುತ್ತದೆ. ಫೋನ್ ನಂಬರ್ ಕೊಟ್ಟಿಟ್ಟರೆ "ಮಳೆ ಬಿತ್ತು, ಮುಂದಿನ ವಾರ ಬನ್ನಿ" ಎಂದು ಅವರೇ ಕರೆಯುತ್ತಾರೆ. ನಮ್ಮನ್ನು ಎರಡು ವರ್ಷ ಹಾಗೆಯೇ ಕರೆಸಿಕೊಂಡಿದ್ದಾರೆ.