ಕೀಲಿ ಎಲ್ಲಿದೆಯೆಂದು ಮಕ್ಕಳಿಗೆ ಗೊತ್ತಿರುತ್ತದೆ

ನವೆಂಬರ್ 15 ಅಮೆರಿಕದ ಮಿಚಿಗನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆ ಶುರುವಾಗುವ ದಿನ. ಹಳ್ಳಿಗಾಡಿನ ಎಷ್ಟೋ ಶಾಲೆಗಳಿಗೆ ಅಂದು ರಜೆ. ಮಕ್ಕಳದೂ ಮೇಷ್ಟರದೂ ಹಾಜರಿ ಕಾಡಿನಲ್ಲೇ. ಅದಕ್ಕೆ ಮುಂಚಿನ ವಾರಗಳಲ್ಲಿ ನನ್ನ ಕ್ಲಿನಿಕ್ಕಿಗೆ ಮಕ್ಕಳನ್ನು ಕರೆತರುವವರಿಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ. ಲಸಿಕೆ, ನಿದ್ದೆ, ಸೈಕಲ್ ಹೆಲ್ಮೆಟ್ಟು, ಕಾರಿನ ಸೀಟು ಎಲ್ಲ ಮುಗಿದ ಮೇಲೆ, "ಮನೆಯಲ್ಲಿ ಬಂದೂಕು ಇದ್ದರೆ ಅದನ್ನು ಹೇಗೆ ಇಡುತ್ತೀರಿ?" ಎನ್ನುತ್ತೇನೆ. ಇದೆಯೇ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಅದು ಪೊಲೀಸ್ ವಿಚಾರಣೆಯಾಗುತ್ತದೆ.

ಇಷ್ಟು ನಯವಾಗಿ ಕೇಳಿದರೂ ಕೆಲವರ ಮುಖ ಬಿಗಿಯುತ್ತದೆ. ಹಸು ಸಾಕಿಕೊಂಡಿದ್ದ ಒಬ್ಬ ತಂದೆ ಕೈಕಟ್ಟಿ ಕುಳಿತು, "ಇದು ವೈದ್ಯರು ಕೇಳುವ ಮಾತಲ್ಲ" ಎಂದರು. ಹಾಗೆ ಯೋಚಿಸುವವರು ಅವರೊಬ್ಬರೇ ಅಲ್ಲ. ಫ್ಲಾರಿಡಾ 2011ರಲ್ಲಿ ವೈದ್ಯರು ಈ ಪ್ರಶ್ನೆ ಕೇಳುವುದಕ್ಕೇ ಕಡಿವಾಣ ಹಾಕುವ ಕಾನೂನು ಮಾಡಿತ್ತು. ವೈದ್ಯರ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆ ತೀರ್ಪನ್ನು ಅವರ ಮುಂದೆ ಹಿಡಿದಿದ್ದರೆ ಎದ್ದು ಹೋಗುತ್ತಿದ್ದರೇನೋ. ನಾನು ನನ್ನ ಊರಿನ ಸುದ್ದಿ ತೆಗೆದೆ.

ನಾನು ಕೊಡಗಿನವಳು. ಅಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮ ಜಮೀನಿನ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವಳಿಗೆ ಬಂದೂಕು ಇಟ್ಟುಕೊಂಡವರೆಲ್ಲ ಕೇಡಿಗರೆಂದು ಅನ್ನಿಸುವುದು ಸಾಧ್ಯವೇ ಇಲ್ಲ. ನಮ್ಮ ಅಜ್ಜನ ಜೋಡುನಳಿಗೆ ಕೋವಿ ಗೋಡೆಯ ಮೇಲಿತ್ತು, ತೋಟೆಗಳು ಟ್ರಂಕಿನಲ್ಲಿದ್ದವು, ಟ್ರಂಕಿನ ಕೀಲಿ ದೇವರ ಪಟದ ಹಿಂದೆ ಇತ್ತು. ಮಕ್ಕಳಿಗೆ ಗೊತ್ತಿಲ್ಲ ಎಂದು ಅಜ್ಜ ಕೊನೆಯವರೆಗೂ ನಂಬಿದ್ದರು. ನನಗೆ ಆರನೆಯ ವಯಸ್ಸಿಗೇ ಗೊತ್ತಿತ್ತು. ಇದನ್ನು ಹೇಳಿದಾಗ ಆ ತಂದೆ ಕಟ್ಟಿದ್ದ ಕೈ ಬಿಚ್ಚಿ ಮಗನ ಕಡೆ ನೋಡಿದರು. ಹನ್ನೊಂದರ ಹುಡುಗ ನೆಲ ನೋಡುತ್ತಿದ್ದ.

ಅಮೆರಿಕದ ಶಾಲೆಗಳ ಗುಂಡಿನ ದಾಳಿಯ ಚರ್ಚೆ ಯಾವಾಗಲೂ ಶಾಲೆಯ ಗೇಟಿನಲ್ಲೇ ಸಿಕ್ಕಿಕೊಳ್ಳುತ್ತದೆ. ಲೋಹಶೋಧಕ ಬೇಕೆ, ಕಾವಲುಗಾರ ಬೇಕೆ, ಮೇಷ್ಟರ ಕೈಗೇ ಪಿಸ್ತೂಲು ಕೊಡಬೇಕೆ? 2022ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಯುವಾಲ್ಡಿಯ ಶಾಲೆಯಲ್ಲಿ ದಾಳಿಯಾದಾಗ ಶಸ್ತ್ರಸಜ್ಜಿತ ಪೊಲೀಸರಿಗೇನೂ ಕೊರತೆಯಿರಲಿಲ್ಲ. 376 ಮಂದಿ ಬಂದು ಸೇರಿದ್ದರು. ಹಂತಕನಿದ್ದ ತರಗತಿಗೆ ನುಗ್ಗಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಗೇಟಿನ ವಿಷಯ ಇಷ್ಟು ಸಾಕು.

ಬಂದೂಕು ಗೇಟಿನವರೆಗೆ ಬರುವುದು ಎಲ್ಲಿಂದ? ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಅಮೆರಿಕದ ಸೀಕ್ರೆಟ್ ಸರ್ವಿಸ್ 2008ರಿಂದ 2017ರವರೆಗಿನ 41 ಶಾಲಾ ದಾಳಿಗಳನ್ನು ಪರಿಶೀಲಿಸಿ 2019ರಲ್ಲಿ ವರದಿ ಕೊಟ್ಟಿತು. ಬಂದೂಕು ಬಳಸಿದ ದಾಳಿಗಳ ಪೈಕಿ ಸುಮಾರು ಮುಕ್ಕಾಲು ಭಾಗದಲ್ಲಿ ಅದು ಬಂದದ್ದು ಅಪ್ಪ ಅಮ್ಮನ ಮನೆಯಿಂದ ಅಥವಾ ಹತ್ತಿರದ ನೆಂಟರ ಮನೆಯಿಂದ.

ನನ್ನ ಕ್ಲಿನಿಕ್ಕಿಗೆ ದೂರವೇನಲ್ಲದ, ಮಿಚಿಗನ್ನಿನದೇ ಆದ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರ ನವೆಂಬರ್ 30ರಂದು ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬ ನಾಲ್ವರು ಸಹಪಾಠಿಗಳನ್ನು ಕೊಂದ. ಪಿಸ್ತೂಲನ್ನು ಅಪ್ಪ ಕೊಂಡದ್ದು ನಾಲ್ಕು ದಿನ ಮುಂಚೆ, ಮಗನನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅಂದು ಬೆಳಿಗ್ಗೆ ಗಣಿತದ ಹಾಳೆಯ ಮೇಲೆ ಅವನು ಬಂದೂಕಿನ ಚಿತ್ರ ಬರೆದು, ನನಗೆ ಸಹಾಯ ಮಾಡಿ ಎಂದೂ ಗೀಚಿದ್ದ. ಶಾಲೆಯವರು ತಂದೆತಾಯಿಯನ್ನು ಕರೆಸಿದರು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ, ಬ್ಯಾಗನ್ನು ಯಾರೂ ಬಿಚ್ಚಿ ನೋಡಲಿಲ್ಲ. ಪಿಸ್ತೂಲು ಆ ಬ್ಯಾಗಿನಲ್ಲೇ ಇತ್ತು.

ವಿಚಾರಣೆಯ ವೇಳೆ ಬಂದ ಒಂದು ವಿವರ ನನ್ನನ್ನು ಇನ್ನೂ ಬಿಟ್ಟಿಲ್ಲ. ಪಿಸ್ತೂಲಿನ ಜೊತೆ ಅಂಗಡಿಯವರು ಕೊಟ್ಟಿದ್ದ ಕೇಬಲ್ ಬೀಗ ಪ್ಲಾಸ್ಟಿಕ್ ಲಕೋಟೆ ಒಡೆಯದೆ ಹಾಗೇ ಮನೆಯಲ್ಲಿ ಸಿಕ್ಕಿತು. ಅದನ್ನು ಹಾಕಲು ಹತ್ತು ಸೆಕೆಂಡು ಸಾಕೆಂದು ಸರ್ಕಾರಿ ವಕೀಲರು ಜ್ಯೂರಿಯ ಕಣ್ಣೆದುರೇ ಹಾಕಿ ತೋರಿಸಿದರು. 2024ರಲ್ಲಿ ತಂದೆತಾಯಿ ಇಬ್ಬರಿಗೂ ಹತ್ತರಿಂದ ಹದಿನೈದು ವರ್ಷದ ಸೆರೆವಾಸವಾಯಿತು. ಶಾಲೆಯಲ್ಲಿ ಸಾಮೂಹಿಕ ಹತ್ಯೆ ಮಾಡಿದವನ ತಂದೆತಾಯಿ ನರಹತ್ಯೆಯ ಅಪರಾಧಿಗಳೆನಿಸಿದ್ದು ಆ ದೇಶದಲ್ಲಿ ಅದೇ ಮೊದಲು.

ಆ ಬೀಗ ನನ್ನ ಮೇಜಿನ ಕೆಳಗಿನ ಡಬ್ಬಿಯಲ್ಲೂ ಇದೆ. ಬೈಸಿಕಲ್ಲಿಗೆ ಹಾಕುವ ತಂತಿ ಬೀಗದ ತಮ್ಮನ ಹಾಗೆ ಕಾಣುತ್ತದೆ. ಪಿಸ್ತೂಲಿನ ಮ್ಯಾಗಝೀನ್, ಅಂದರೆ ಗುಂಡು ತುಂಬುವ ಡಬ್ಬಿ, ತೆಗೆದು, ಖಾಲಿ ತೋಟೆ ಹೊರಬೀಳುವ ಕಿಂಡಿಯಿಂದ ತಂತಿ ತೂರಿಸಿ ಹಿಡಿಕೆಯ ತಳದಿಂದ ಹೊರಗೆಳೆದರೆ ಮ್ಯಾಗಝೀನ್ ಮತ್ತೆ ಕೂರುವುದಿಲ್ಲ. ಇಂಥ ಬೀಗಗಳನ್ನು ದೇಶದ ತುಂಬ ಪುಕ್ಕಟೆ ಹಂಚುವ ದೊಡ್ಡ ಯೋಜನೆಯೊಂದನ್ನು ನಡೆಸುತ್ತಿರುವುದು ಬಂದೂಕು ಉದ್ಯಮದವರ ಸಂಘವೇ.

ಹಕ್ಕಿನ ಮಾತಿಗೆ ಬರೋಣ. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು 2008ರ ಹೆಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಬಂದೂಕಿಗೆ ಸದಾ ಬೀಗವಿರಬೇಕು ಇಲ್ಲವೇ ಅದನ್ನು ಬಿಚ್ಚಿಟ್ಟಿರಬೇಕು ಎಂಬ ವಾಷಿಂಗ್ಟನ್ ನಗರದ ನಿಯಮವನ್ನು ಹೊಡೆದುಹಾಕಿತು. ಆದರೆ ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ, ಅಪಘಾತ ತಡೆಯಲು ಬಂದೂಕನ್ನು ಹೇಗಿಡಬೇಕೆಂದು ಹೇಳುವ ಕಾನೂನುಗಳಿಗೆ ಇದರಿಂದ ಬಾಧೆಯಿಲ್ಲ ಎಂದೂ ಬರೆದರು. ಈ ಎರಡರ ನಡುವಿನ ಜಾಗದಲ್ಲೇ 2024ರ ಫೆಬ್ರವರಿ 13ರಿಂದ ಮಿಚಿಗನ್ ಕಾನೂನು ನಿಂತಿದೆ: ಮನೆಯಲ್ಲಿ ಅಪ್ರಾಪ್ತರಿದ್ದರೆ, ಒಡೆಯ ಬಿಟ್ಟುಹೋದ ಬಂದೂಕಿಗೆ ಬೀಗ ಬೇಕು. ಸೊಂಟದಲ್ಲಿ ಇಟ್ಟುಕೊಂಡು ಓಡಾಡುವವರಿಗೆ ಅಡ್ಡಿಯಿಲ್ಲ.

ರಾತ್ರಿ ಕಳ್ಳ ಬಂದರೆ ಕೀಲಿ ಹುಡುಕುತ್ತಾ ಕೂರಬೇಕೇ ಎಂದು ಕೈಕಟ್ಟಿ ಕುಳಿತಿದ್ದ ಆ ರೈತ ತಂದೆ ಕೇಳಿದರು. ಪೊಲೀಸರು ಬರಲು ಅರ್ಧ ಗಂಟೆ ಬೇಕಾಗುವ ತೋಟದ ಮನೆಯಲ್ಲಿ ಇದು ನಗುವ ಮಾತಲ್ಲ. ಬೆರಳಿಟ್ಟರೆ ಒಂದೆರಡು ಸೆಕೆಂಡಿನಲ್ಲಿ ತೆರೆಯುವ ಪೆಟ್ಟಿಗೆ ಸಿಗುತ್ತದೆ. ಪಿಸ್ತೂಲು ಅದರಲ್ಲಿರಲಿ, ಬೇಟೆಯ ಬಂದೂಕುಗಳು ಖಾಲಿ ಮಾಡಿ ಬೀರುವಿನಲ್ಲಿರಲಿ, ಗುಂಡುಗಳಿಗೆ ಬೇರೆ ಬೀಗ ಇರಲಿ ಎಂದೆ.

ಬೀಗದಿಂದ ಎಲ್ಲವೂ ನಿಲ್ಲುತ್ತದೆ ಎಂದರೆ ಸುಳ್ಳಾದೀತು. ಯುವಾಲ್ಡಿಯವನು ಹದಿನೆಂಟು ತುಂಬಿದ ಕೂಡಲೇ ರೈಫಲ್ಲುಗಳನ್ನು ಕಾನೂನುಬದ್ಧವಾಗಿ ತಾನೇ ಕೊಂಡವನು. ಅಲ್ಲಿ ಕೇಳಬೇಕಾದದ್ದು ಕೊಳ್ಳುವವರ ವಯಸ್ಸಿನ ಪ್ರಶ್ನೆ. ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲಾ ದಾಳಿಯಲ್ಲಿ 17 ಮಂದಿ ಸತ್ತ ಮೂರೇ ವಾರಗಳಲ್ಲಿ, 2018ರ ಮಾರ್ಚಿನಲ್ಲಿ, ರಿಪಬ್ಲಿಕನ್ನರೇ ಆಳುತ್ತಿದ್ದ ಫ್ಲಾರಿಡಾ ಆ ವಯಸ್ಸನ್ನು 21ಕ್ಕೆ ಏರಿಸಿತು. ಆದರೆ ವೈದ್ಯೆಯಾಗಿ ನನಗೆ ಶಾಲೆಗಿಂತ ದೊಡ್ಡ ಚಿಂತೆ ಮನೆಯೇ. 2020ರಿಂದೀಚೆಗೆ ಅಮೆರಿಕದಲ್ಲಿ ಒಂದು ವರ್ಷ ದಾಟಿದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಬಂದೂಕು. ಅದರಲ್ಲಿ ಶಾಲೆಯಲ್ಲಾದ ಸಾವು ತೀರ ಸಣ್ಣ ಪಾಲು, ಆತ್ಮಹತ್ಯೆಯದು ಅದಕ್ಕಿಂತ ಬಹಳ ದೊಡ್ಡ ಪಾಲು. ಆ ಕೆಟ್ಟ ಗಳಿಗೆ ಎಷ್ಟೋ ಸಲ ಕೆಲವೇ ನಿಮಿಷಗಳದ್ದು. ಬೀಗ ಆ ನಿಮಿಷಗಳನ್ನು ದಾಟಿಸುತ್ತದೆ.

ಇಲ್ಲಿರುವ ನಮ್ಮ ಕನ್ನಡದ ಮನೆಗಳವರು ಇದನ್ನು ಕೇಳಿ, "ನಮ್ಮಲ್ಲಿ ತರಕಾರಿ ಹೆಚ್ಚುವ ಚಾಕು ಬಿಟ್ಟರೆ ಏನೂ ಇಲ್ಲ ಡಾಕ್ಟರೇ" ಎಂದು ನಕ್ಕುಬಿಡುತ್ತಾರೆ. ಮಗ ಶನಿವಾರ ಮಲಗಲು ಹೋಗುವುದು ಗೆಳೆಯನ ಮನೆಗೆ. ಅಲ್ಲಿ ಕೇಳುವುದು ಹೇಗೆ, ಏನಂದುಕೊಂಡಾರು ಎಂಬ ಸಂಕೋಚ. ನಾನು ಹೇಳಿಕೊಡುವ ದಾರಿ ಇಷ್ಟೇ: ಇವನಿಗೆ ಕಡಲೆಕಾಯಿ ಆಗುವುದಿಲ್ಲ, ನಾಯಿ ಕಂಡರೆ ಹೆದರುತ್ತಾನೆ, ಬಂದೂಕಿದ್ದರೆ ಬೀಗ ಹಾಕಿದೆ ತಾನೇ ಎಂದು ಒಂದೇ ಉಸಿರಿನಲ್ಲಿ ಕೇಳಿಬಿಡಿ. ಬೇಟೆಗಾರರ ಮನೆಯವರು ಬೇಸರಪಟ್ಟದ್ದನ್ನು ನಾನು ಕೇಳಿಲ್ಲ. ಬೀರು ತೆರೆದು ತೋರಿಸಿದವರಿದ್ದಾರೆ.

ಆ ರೈತರು ಅಂದು ಎರಡು ಬೀಗ ಒಯ್ದರು. ಮುಂದಿನ ವಾರ ಫೋನ್ ಮಾಡಿ ಇನ್ನೂ ಮೂರು ಬೇಕೆಂದರು. ಕೀಲಿ ಎಲ್ಲಿಟ್ಟಿರಿ ಎಂದು ಕೇಳಿದೆ. "ಮಗ ಪಕ್ಕದಲ್ಲೇ ಇದ್ದಾನೆ, ಆಮೇಲೆ ಹೇಳುತ್ತೇನೆ" ಎಂದರು.