ನಾಲ್ಕು ನೂರು ಬಾಕ್ಸ್ ಒಣದ್ರಾಕ್ಷಿಯ ಲೆಕ್ಕ

ವಿಜಯಪುರದಲ್ಲಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಹಲವು ವರ್ಷ ದುಡಿದು, ಈಗ ಪದವಿ ಮಕ್ಕಳಿಗೆ ವ್ಯವಹಾರ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ಮೊದಲ ದಿನ ಪುಸ್ತಕ ತೆರೆಯದೆ, ಒಂದು ಲೆಕ್ಕ ಕೊಡುತ್ತೇನೆ.

ರೈತರೊಬ್ಬರ ಬಳಿ 15 ಕೆಜಿಯ 400 ಬಾಕ್ಸ್ ಒಣದ್ರಾಕ್ಷಿ ಇದೆ ಎಂದಿಟ್ಟುಕೊಳ್ಳಿ. ಇಂದಿನ ಬೆಲೆ ಕೆಜಿಗೆ 160 ರೂಪಾಯಿ, ನಾಲ್ಕು ತಿಂಗಳ ನಂತರ 168 ಆಗಬಹುದು. ಕೋಲ್ಡ್ ಸ್ಟೋರೇಜ್ ಬಾಡಿಗೆ ಬಾಕ್ಸಿಗೆ ತಿಂಗಳಿಗೆ 12 ರೂಪಾಯಿ. ಈಗಲೇ ಮಾರಬೇಕೇ, ಕಾಯಬೇಕೇ?

ಕಾದರೆ 48,000 ರೂಪಾಯಿ ಹೆಚ್ಚು ಬರುತ್ತದೆ, ಬಾಡಿಗೆ 19,200 ಕಳೆದರೂ ಲಾಭವೇ ಎಂದು ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಬಡ್ಡಿ ಯಾರಿಗೂ ನೆನಪಾಗುವುದಿಲ್ಲ. ಸರಕಿನ ಬೆಲೆ 9.60 ಲಕ್ಷ, ಅಷ್ಟೇ ಸಾಲ ವರ್ಷಕ್ಕೆ ಶೇ. 12ರ ಬಡ್ಡಿಗೆ ಇದ್ದರೆ ನಾಲ್ಕು ತಿಂಗಳಿಗೆ 38,400. ಬಾಡಿಗೆ ಸೇರಿದರೆ ಖರ್ಚು 57,600. ಕಾದದ್ದಕ್ಕೆ 9,600 ನಷ್ಟ.

ಕಳೆದ ವರ್ಷ ತಿಕೋಟಾ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, 'ಸರ್, ನಮ್ಮಪ್ಪನಿಗೆ ಸಾಲವೇ ಇಲ್ಲ, ಬಡ್ಡಿ ಯಾಕೆ ಹಿಡಿಯಬೇಕು?' ಎಂದಳು. ಆ ಪ್ರಶ್ನೆಗೆ ನನಗೆ ನಿಜಕ್ಕೂ ಸಂತೋಷವಾಯಿತು. ಇಂದೇ ಮಾರಿ ಹಣವನ್ನು ಠೇವಣಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿಯೂ ಖರ್ಚೇ. ಅದಕ್ಕೇ ಅವಕಾಶ ವೆಚ್ಚ ಎನ್ನುವುದು. ಶೇ. 7ರಂತೆ ಅದು 22,400. ಆಕೆಯ ತಂದೆಗೆ 6,400 ಉಳಿಯುತ್ತದೆ. ಸರಕೂ ಒಂದೇ, ಬೆಲೆಯೂ ಒಂದೇ. ಸಾಲವಿದ್ದವರಿಗೆ ಕಾಯುವುದು ನಷ್ಟ, ಇಲ್ಲದವರಿಗೆ ಲಾಭ. ಬೆಲೆ ಬಿದ್ದೀತೆಂಬ ಅಪಾಯವನ್ನು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಬ್ಯಾಂಕಿನಲ್ಲಿ ನನ್ನ ಮೇಜಿನ ಮೇಲೆ ದಿನವೂ ಇದ್ದದ್ದು ಇದೇ ಲೆಕ್ಕ.

ಈ ವಿಷಯ ಓದಿ ಏನಾಗಬಹುದು ಎಂದು ಪೋಷಕರು ಕೇಳುತ್ತಾರೆ. ಬ್ಯಾಂಕಿನ ಸಾಲ ವಿಭಾಗ, ಕಂಪನಿಗಳಲ್ಲಿ ಬೆಲೆ ನಿಗದಿ ಮತ್ತು ಮಾರುಕಟ್ಟೆ ಅಧ್ಯಯನ, ಸಕ್ಕರೆ ಕಾರ್ಖಾನೆಯ ಹಣಕಾಸು ವಿಭಾಗ, ರೈತ ಉತ್ಪಾದಕ ಕಂಪನಿ, ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್‌ನ ಅಧಿಕಾರಿ ಹುದ್ದೆ ಹೀಗೆ ದಾರಿಗಳು ಹಲವು. ಒಂದು ದಾರಿ ಮಾತ್ರ ನಮ್ಮ ಭಾಗದ ಮಕ್ಕಳ ಕಿವಿಗೇ ಬಿದ್ದಿರುವುದಿಲ್ಲ: ಕೇಂದ್ರ ಸರ್ಕಾರದ ಅರ್ಥಶಾಸ್ತ್ರಜ್ಞ ಅಧಿಕಾರಿಗಳ ಆಯ್ಕೆಗೆ ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆ ಪರೀಕ್ಷೆ. ಅರ್ಥಶಾಸ್ತ್ರದ ಜೊತೆಗೆ ವ್ಯವಹಾರ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಗೂ ಅಲ್ಲಿ ಅರ್ಹತೆಯಿದೆ. ಬಿ.ಕಾಂ.ನಲ್ಲಿ ಇದನ್ನು ಒಂದು ಪತ್ರಿಕೆಯಾಗಿ ಓದಿದರೆ ಸಾಲದು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ, ಹೆಣ್ಣುಮಕ್ಕಳಿಗೆ ನಮ್ಮ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಎಂ.ಎ. ಇದೆ. ಯಾವುದೇ ಕೋರ್ಸಿಗೆ ಶುಲ್ಕ ಕಟ್ಟುವ ಮುನ್ನ, ಪದವಿ ಪ್ರಮಾಣಪತ್ರದ ಮೇಲೆ ವಿಷಯದ ಹೆಸರು ಏನೆಂದು ಬರುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಅರ್ಜಿ ಪರಿಶೀಲಿಸುವವರು ನೋಡುವುದು ಅದನ್ನೇ.

ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಬಂದವರು ಗಣಿತವೆಂದರೆ ಹಿಂಜರಿಯುತ್ತಾರೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ, ಏಕೆಂದರೆ ಜಾಣ ಮಕ್ಕಳು ಅಲ್ಲೇ ಹಿಂದೆ ಉಳಿಯುತ್ತಾರೆ. ಸಂಖ್ಯಾಶಾಸ್ತ್ರವನ್ನೂ ಎಕ್ಸೆಲ್ ಅನ್ನೂ ಮೊದಲ ವರ್ಷದಿಂದಲೇ ಹಿಡಿಯಿರಿ. ಎಪಿಎಂಸಿಯ ಒಂದು ಸರಕಿನ ದರವನ್ನು ವಾರಕ್ಕೊಮ್ಮೆ ಬರೆದಿಡಿ. ಆ ತಿಕೋಟಾದ ಹುಡುಗಿ ಹಾಗೆಯೇ ಬರೆಯುತ್ತಿದ್ದಾಳೆ. ಕಳೆದ ತಿಂಗಳು ನೋಟ್‌ಬುಕ್ ತಂದು, ಹಬ್ಬಗಳ ಮುಂಚಿನ ವಾರಗಳಿಗೆ ಕೆಂಪು ಗೆರೆ ಎಳೆದು ತೋರಿಸಿದಳು.