ಕೊಲೆಗೆ ವ್ಯಾಖ್ಯೆ ಬರೆಯದ ದೇಶದಲ್ಲಿ ಕಾನೂನು ಎಲ್ಲಿರುತ್ತದೆ?

ಇಂಗ್ಲೆಂಡಿನಲ್ಲಿ ಕೊಲೆ ಸಾಬೀತಾದರೆ ಜೀವಾವಧಿ ಶಿಕ್ಷೆ ಕಡ್ಡಾಯ. ಆದರೆ ಕೊಲೆ ಅಂದರೇನು ಎಂದು ಹೇಳುವ ಕಾಯ್ದೆಯನ್ನು ಅಲ್ಲಿನ ಸಂಸತ್ತು ಇವತ್ತಿಗೂ ಮಾಡಿಲ್ಲ. ಶಿಕ್ಷೆಯ ಬಗ್ಗೆ 1965ರ ಕಾಯ್ದೆಯಿದೆ. ಕೊಲೆಯ ಆರೋಪವನ್ನು ಕೆಳದರ್ಜೆಗೆ ಇಳಿಸಬಹುದಾದ ಕೆಲವು ಸಂದರ್ಭಗಳನ್ನು 1957ರ ಕಾಯ್ದೆ ಹೇಳುತ್ತದೆ. ಮೂಲ ವ್ಯಾಖ್ಯೆಯೇ ಬೇಕೆಂದರೆ ವಕೀಲರು ಹದಿನೇಳನೆಯ ಶತಮಾನದ ನ್ಯಾಯಾಧೀಶ ಎಡ್ವರ್ಡ್ ಕೋಕ್ ಬರೆದಿಟ್ಟ ಮಾತಿನಿಂದ ಶುರುಮಾಡಿ, ಆಮೇಲೆ ಬಂದ ತೀರ್ಪುಗಳನ್ನು ಓದುತ್ತ ಓದುತ್ತ ಇಲ್ಲಿಯವರೆಗೆ ಬರಬೇಕು.

ನಮಗಿದು ವಿಚಿತ್ರ. ‘302’ ಅಂದರೆ ಏನೆಂದು ಕಾನೂನು ಓದದವರಿಗೂ ಗೊತ್ತಿದ್ದ ನಾಡು ನಮ್ಮದು. ಈಗ ಭಾರತೀಯ ನ್ಯಾಯ ಸಂಹಿತೆ ಬಂದು ಅಂಕಿ 103 ಆಗಿದೆ ಅಷ್ಟೆ. ವ್ಯಾಖ್ಯೆ, ಅದಕ್ಕೊಂದು ವಿನಾಯಿತಿ, ವಿನಾಯಿತಿಗೊಂದು ಉದಾಹರಣೆ, ಎಲ್ಲ ಪುಸ್ತಕದಲ್ಲೇ ಸಿಗುತ್ತದೆ. ಐಪಿಸಿಯ ಕರಡು ತಯಾರಿಸಿದ್ದು ಮೆಕಾಲೆಯ ನೇತೃತ್ವದ ಆಯೋಗ. ಅದು ಕಾಯ್ದೆಯಾದದ್ದು 1860ರಲ್ಲಿ. ವಸಾಹತಿಗೆ ಇಷ್ಟು ಅಚ್ಚುಕಟ್ಟಾದ ಸಂಹಿತೆ ಬರೆದುಕೊಟ್ಟ ಇಂಗ್ಲಿಷರು ತಮ್ಮ ಮನೆಗೆ ಮಾತ್ರ ಅಂಥದ್ದು ಬೇಡವೆಂದರು.

ಹಾಗಾದರೆ ಅವರ ಕಾನೂನು ಎಲ್ಲಿದೆ? ಅರ್ಧ ಸಂಸತ್ತಿನ ಕಾಯ್ದೆಗಳಲ್ಲಿ. ಉಳಿದದ್ದು ಹಳೆಯ ಜಗಳಗಳಲ್ಲಿ. ಯಾರೋ ಇಬ್ಬರು ಕೋರ್ಟಿಗೆ ಹೋಗುತ್ತಾರೆ, ನ್ಯಾಯಾಧೀಶರು ಒಬ್ಬರ ಪರ ತೀರ್ಪು ಕೊಡುತ್ತಾರೆ, ಯಾಕೆ ಕೊಟ್ಟೆ ಎಂದು ಕಾರಣ ಬರೆಯುತ್ತಾರೆ. ಸೋಲು ಗೆಲುವು ಆ ಇಬ್ಬರಿಗೆ ಮಾತ್ರ ಸೇರಿದ್ದು. ಕಾರಣ ಮಾತ್ರ ಊರಿಗೆಲ್ಲ ಸೇರುತ್ತದೆ. ಮುಂದೆ ಅದೇ ತರಹದ ವ್ಯಾಜ್ಯ ಬಂದಾಗ ಮೇಲಿನ ಕೋರ್ಟು ಕೊಟ್ಟ ಕಾರಣವನ್ನು ಕೆಳಗಿನ ಕೋರ್ಟು ಒಪ್ಪಲೇಬೇಕು, ಇಷ್ಟವಿರಲಿ ಇಲ್ಲದಿರಲಿ. ಹೀಗೆ ಬೆಳೆದ ಕಾನೂನಿಗೇ ಕಾಮನ್ ಲಾ ಎನ್ನುತ್ತಾರೆ.

ಇದು ನಡೆಯುವ ಬಗೆಯನ್ನು ನೋಡಲು 1928ರ ಆಗಸ್ಟ್ 26ರ ಒಂದು ಭಾನುವಾರ ಸಾಕು. ಮೇ ಡೊನಹ್ಯೂ ಎಂಬಾಕೆ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹತ್ತಿರದ ಪೇಸ್ಲಿ ಎಂಬ ಊರಿಗೆ ಹೋಗಿ, ವೆಲ್‌ಮೆಡೋ ಕೆಫೆಯಲ್ಲಿ ಒಬ್ಬ ಪರಿಚಿತರ ಜೊತೆ ಕೂತಳು. ಐಸ್‌ಕ್ರೀಮ್ ಮೇಲೆ ಸುರಿದು ತಿನ್ನಲು ಒಂದು ಬಾಟಲಿ ಜಿಂಜರ್ ಬಿಯರ್ ಬಂತು. ಜಿಂಜರ್ ಬಿಯರ್ ಅಂದರೆ ಹೆಂಡವೇನಲ್ಲ, ಶುಂಠಿಯ ಸೋಡಾ. ದುಡ್ಡು ಕೊಟ್ಟದ್ದು ಜೊತೆಗಿದ್ದವರು. ಈ ಸಣ್ಣ ವಿಷಯವೇ ಮುಂದೆ ದೊಡ್ಡದಾಯಿತು. ಬಾಟಲಿ ಒಳಗಿದ್ದದ್ದು ಕಾಣದಂಥ ಕಂದುಗಾಜಿನದು. ಮೊದಲು ಸ್ವಲ್ಪ ಸುರಿದದ್ದನ್ನು ಆಕೆ ಕುಡಿದಾಗಿತ್ತು. ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ತೇಲಿಬಂತು ಎಂಬುದು ಆಕೆಯ ದೂರು. ಹೊಟ್ಟೆ ಕೆಟ್ಟಿತು, ಆಸ್ಪತ್ರೆ ಸೇರಿದಳು.

ಯಾರ ಮೇಲೆ ದಾವೆ ಹೂಡುವುದು? ಕೆಫೆಯವನ ಜೊತೆ ಆಕೆಗೆ ವ್ಯವಹಾರವಿಲ್ಲ, ಕೊಂಡವಳು ಅವಳಲ್ಲ. ಪೇಯ ತಯಾರಿಸಿದ ಡೇವಿಡ್ ಸ್ಟೀವನ್ಸನ್ ಜೊತೆಗಂತೂ ಮೊದಲೇ ಇಲ್ಲ. ಕರಾರು ಇಲ್ಲದ ಕಡೆ ಬಾಧ್ಯತೆಯಿಲ್ಲ ಎಂಬುದು ಅಂದಿನ ರೂಢಿ. ವಿಷ, ಸಿಡಿಮದ್ದಿನಂಥ ಕೆಲವೇ ವಸ್ತುಗಳಿಗೆ ವಿನಾಯಿತಿ ಇತ್ತು. ಸೋಡಾ ಬಾಟಲಿಯಲ್ಲಿ ಇಲಿ ಸಿಕ್ಕಿತೆಂದು ಹೂಡಿದ ಬೇರೊಂದು ಮೊಕದ್ದಮೆ ಸ್ಕಾಟ್ಲೆಂಡಿನ ಕೋರ್ಟಿನಲ್ಲಿ ಬಿದ್ದುಹೋಗಿ ಇನ್ನೂ ಕೆಲವೇ ವಾರ ಆಗಿತ್ತು. ಅದನ್ನು ಸೋತ ವಕೀಲ ವಾಲ್ಟರ್ ಲೀಚ್‌ಮನ್ ಈ ಕೇಸನ್ನೂ ಕೈಗೆತ್ತಿಕೊಂಡ. ಹಟ ಅಂದರೆ ಇದು.

ವ್ಯಾಜ್ಯ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 2009ರಲ್ಲಿ ಸುಪ್ರೀಂ ಕೋರ್ಟ್ ಬರುವ ತನಕ ಅಲ್ಲಿನ ಕೊನೆಯ ನ್ಯಾಯಪೀಠ ಅದೇ. ಸ್ಕಾಟ್ಲೆಂಡಿಗೆ ತನ್ನದೇ ಕಾನೂನು ಇದ್ದರೂ ಈ ವಿಷಯದಲ್ಲಿ ಎರಡೂ ಒಂದೇ ಎಂದು ಲಾರ್ಡ್‌ಗಳು ಭಾವಿಸಿದ್ದರಿಂದ ತೀರ್ಪು ಇಂಗ್ಲೆಂಡಿಗೂ ಅನ್ವಯವಾಯಿತು. ಮೇಲ್ಮನವಿಯ ಖರ್ಚಿಗೆ ಡೊನಹ್ಯೂ ಬಳಿ ಕಾಸಿರಲಿಲ್ಲ. ಮೈಮೇಲಿನ ಬಟ್ಟೆ ಬಿಟ್ಟರೆ ಐದು ಪೌಂಡಿನ ಆಸ್ತಿಯೂ ತನಗಿಲ್ಲವೆಂದು ಪ್ರಮಾಣಪತ್ರ ಸಲ್ಲಿಸಿ, ಬಡವಳೆಂಬ ನೆಲೆಯಲ್ಲಿ ವಾದಕ್ಕೆ ಅನುಮತಿ ಪಡೆದಳು. 1932ರ ಮೇ 26ರಂದು ಮೂವರು ಅವಳ ಪರ, ಇಬ್ಬರು ವಿರುದ್ಧ ಹೇಳಿದರು. ಒಂದು ಮತ ಆಚೀಚೆ ಆಗಿದ್ದರೆ ಈ ಹೆಸರು ನಮಗೆ ಗೊತ್ತೇ ಇರುತ್ತಿರಲಿಲ್ಲ.

ಬಹುಮತದ ಮುಖ್ಯ ತೀರ್ಪು ಲಾರ್ಡ್ ಅಟ್ಕಿನ್ ಅವರದು. ಬೈಬಲಿನಲ್ಲಿ ಒಬ್ಬ ಶಾಸ್ತ್ರಜ್ಞ ಯೇಸುವನ್ನು ‘ನನ್ನ ನೆರೆಯವನು ಯಾರು?’ ಎಂದು ಕೇಳುತ್ತಾನೆ. ಅಟ್ಕಿನ್ ಅದೇ ಪ್ರಶ್ನೆಯನ್ನು ಕೋರ್ಟಿಗೆ ತಂದರು. ನಾನೊಂದು ಕೆಲಸ ಮಾಡುವಾಗ ಅದರಿಂದ ನೇರವಾಗಿ ಯಾರಿಗೆ ತೊಂದರೆಯಾದೀತು ಎಂದು ನಾನು ಯೋಚಿಸಬೇಕಿತ್ತೋ, ಅವರೆಲ್ಲ ಕಾನೂನಿನ ಕಣ್ಣಲ್ಲಿ ನನ್ನ ನೆರೆಯವರು. ಅವರ ಬಗ್ಗೆ ಎಚ್ಚರ ವಹಿಸುವುದು ನನ್ನ ಕರ್ತವ್ಯ. ಬಾಟಲಿಗೆ ಮುಚ್ಚಳ ಒತ್ತುವವನಿಗೆ ಅದನ್ನು ಕುಡಿಯುವವಳ ಮುಖ ಗೊತ್ತಿರಬೇಕಾಗಿಲ್ಲ, ಕರಾರೂ ಬೇಕಿಲ್ಲ.

ಇಷ್ಟಾಗಿಯೂ ಬಾಟಲಿಯಲ್ಲಿ ನಿಜಕ್ಕೂ ಬಸವನಹುಳು ಇತ್ತೇ ಎಂಬುದು ಇತ್ಯರ್ಥವಾಗಲೇ ಇಲ್ಲ. ಲಾರ್ಡ್‌ಗಳ ಮುಂದಿದ್ದದ್ದು ‘ಆಕೆ ಹೇಳುವುದೆಲ್ಲ ನಿಜವೆಂದೇ ಇಟ್ಟುಕೊಂಡರೆ ದಾವೆ ನಿಲ್ಲುತ್ತದೆಯೇ’ ಎಂಬ ಪ್ರಶ್ನೆ ಮಾತ್ರ. ಸಾಕ್ಷ್ಯದ ವಿಚಾರಣೆಗೆ ಮೊದಲೇ ಸ್ಟೀವನ್ಸನ್ ತೀರಿಕೊಂಡ, ಅವನ ಕಡೆಯವರು ರಾಜಿಯಾದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ನಮ್ಮ ಗಾದೆಯ ಎರಡನೆಯ ಭಾಗವನ್ನು ಪಾಪ ಅವನು ಅಕ್ಷರಶಃ ನಡೆಸಿಕೊಟ್ಟ.

ಸರಿ, ಈ ತೀರ್ಪಿನಿಂದ ಹುಟ್ಟಿದ ನಿಯಮ ಯಾವುದು? ‘ಕಂದುಗಾಜಿನ ಬಾಟಲಿಯಲ್ಲಿ ಹುಳು ಇರಕೂಡದು’ ಎಂದೇ, ಅಥವಾ ಅದಕ್ಕಿಂತ ಅಗಲವಾದದ್ದೇ? ತೀರ್ಪಿಗೆ ಆಧಾರವಾದ ಕಾರಣವನ್ನು ಮಿಕ್ಕ ಮಾತುಗಳಿಂದ ಬೇರ್ಪಡಿಸುವುದೇ ಇಂಗ್ಲಿಷ್ ವಕೀಲನ ದಿನನಿತ್ಯದ ಕೆಲಸ. ಆ ಕಾರಣವನ್ನು ರೇಶಿಯೊ ಎನ್ನುತ್ತಾರೆ. ಮುಂದಿನ ಕೋರ್ಟುಗಳನ್ನು ಕಟ್ಟಿಹಾಕುವುದು ಅದೊಂದೇ. ಪ್ರಸಂಗವಶಾತ್ ನ್ಯಾಯಾಧೀಶರು ಆಡಿದ ಉಳಿದ ಮಾತಿಗೆ ಗೌರವವಿದೆ, ಬಂಧನವಿಲ್ಲ. ತನಗೆ ಬೇಡವಾದ ತೀರ್ಪು ಎದುರಾದರೆ ವಕೀಲ ‘ಅದು ತಪ್ಪು’ ಎಂದು ವಾದಿಸುವುದು ಕಡಿಮೆ. ‘ಅಲ್ಲಿನ ಸಂಗತಿಯೇ ಬೇರೆ, ನಮ್ಮದೇ ಬೇರೆ’ ಎನ್ನುತ್ತಾನೆ.

ಮೂರೇ ವರ್ಷದಲ್ಲಿ ಇದಕ್ಕೆ ಪರೀಕ್ಷೆ ಬಂತು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಒಬ್ಬ ವೈದ್ಯರು ಉಣ್ಣೆಯ ಒಳಉಡುಪು ಕೊಂಡು ತೊಟ್ಟರು. ತಯಾರಿಕೆಯಲ್ಲಿ ಉಳಿದುಹೋಗಿದ್ದ ಸಲ್ಫೈಟ್ ರಾಸಾಯನಿಕದಿಂದ ಚರ್ಮಕ್ಕೆ ಭಯಂಕರ ಉರಿ ಹತ್ತಿ ತಿಂಗಳುಗಟ್ಟಲೆ ನರಳಿದರು. ಕಂಪನಿಯ ವಕೀಲರು ಅದೇ ಉಪಾಯ ಹೂಡಿದರು: ಅಲ್ಲಿದ್ದದ್ದು ಮುಚ್ಚಿದ ಬಾಟಲಿ, ಕುಡಿಯುವ ವಸ್ತು, ಇದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಬಟ್ಟೆ. ವಸಾಹತುಗಳ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1935ರಲ್ಲಿ ಇದನ್ನು ಒಪ್ಪಲಿಲ್ಲ. ಮುಚ್ಚಳ ಮುಖ್ಯವಲ್ಲ, ಕಾರ್ಖಾನೆಯಲ್ಲಿ ಸೇರಿದ ದೋಷ ಯಾರ ಕಣ್ಣಿಗೂ ಬೀಳದೆ ಬಳಸುವವನ ಮೈಗೆ ತಲುಪಿತೇ ಎಂಬುದು ಮುಖ್ಯ. ಅಲ್ಲಿಗೆ ಬಾಟಲಿ ಹೋಗಿ ತತ್ವ ಉಳಿಯಿತು.

ಈ ಪದ್ಧತಿಯನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ನಿಯಮ ಬರಬೇಕಾದರೆ ಮೊದಲು ಒಬ್ಬರಿಗೆ ಏಟು ಬೀಳಬೇಕು, ಅವರು ಕೊನೆಯ ಕೋರ್ಟಿನವರೆಗೆ ಹೋಗುವಷ್ಟು ಹಟಮಾರಿಗಳೂ ಆಗಿರಬೇಕು. ಇಲಿಯ ಕೇಸಿನವರು ಅಲ್ಲಿಗೆ ಹೋಗಲಿಲ್ಲ. ಹೋಗಿದ್ದರೆ ಕಾನೂನು ವಿದ್ಯಾರ್ಥಿಗಳು ಇವತ್ತು ಬಸವನಹುಳುವಿನ ಬದಲು ಇಲಿಯ ಕಥೆ ಓದುತ್ತಿದ್ದರೇನೋ.

ಕ್ರಿಮಿನಲ್ ಕಾನೂನಿನಲ್ಲಿ ಇನ್ನೂ ಆಶ್ಚರ್ಯದ ಸಂಗತಿಯಿದೆ. ಆರೋಪ ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದು ಎಂಬುದು ಅನಾದಿ ಕಾಲದ ತತ್ವವೆಂದು ನಾವಂದುಕೊಂಡಿರುತ್ತೇವೆ. ಕೊಲೆಯ ವಿಷಯದಲ್ಲಿ ಅದು ಇಂಗ್ಲೆಂಡಿನಲ್ಲಿ ಖಚಿತವಾದದ್ದು 1935ರಲ್ಲಿ. ರೆಜಿನಾಲ್ಡ್ ವುಲ್ಮಿಂಗ್ಟನ್ ಇಪ್ಪತ್ತೊಂದು ವರ್ಷದ ಕೃಷಿ ಕೂಲಿಕಾರ. ತಾಯಿಯ ಮನೆಗೆ ಹೋಗಿದ್ದ ಹೆಂಡತಿಯನ್ನು ಕರೆತರಲು ಬಂದೂಕು ಹಿಡಿದು ಹೋದ; ಬರದಿದ್ದರೆ ಗುಂಡಿಕ್ಕಿಕೊಂಡು ಸಾಯುತ್ತೇನೆಂದು ಹೆದರಿಸುವಾಗ ಅದು ಆಕಸ್ಮಿಕವಾಗಿ ಹಾರಿತು ಎಂದ. ಆಕೆ ಸತ್ತಳು. ‘ಗುಂಡು ಇವನದೆಂದು ಗೊತ್ತಾದ ಮೇಲೆ ಆಕಸ್ಮಿಕವೆಂದು ಇವನೇ ತೋರಿಸಿಕೊಡಬೇಕು’ ಎಂದು ವಿಚಾರಣಾ ನ್ಯಾಯಾಧೀಶರು ಜ್ಯೂರಿಗೆ ತಿಳಿಸಿದರು. ಅದಕ್ಕೆ ಹದಿನೆಂಟನೆಯ ಶತಮಾನದ ಗ್ರಂಥದ ಆಧಾರವೂ ಇತ್ತು. ಗಲ್ಲು ಶಿಕ್ಷೆಯಾಯಿತು. ಹೌಸ್ ಆಫ್ ಲಾರ್ಡ್ಸ್ ಅದನ್ನು ರದ್ದುಮಾಡಿತು. ಇಂಗ್ಲಿಷ್ ಕ್ರಿಮಿನಲ್ ಕಾನೂನಿನ ನೇಯ್ಗೆಯಲ್ಲೆಲ್ಲ ಓಡುವ ಚಿನ್ನದ ಎಳೆಯೊಂದಿದೆ, ಅಪರಾಧ ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದು ಎಂಬುದೇ ಆ ಎಳೆ ಎಂದರು ಲಾರ್ಡ್ ಸ್ಯಾಂಕಿ. ಆ ಎಳೆ ಎಂದಿನಿಂದಲೂ ಇತ್ತೆನ್ನುವ ಧಾಟಿ ಅವರದು. ಕಾಮನ್ ಲಾದ ಜಾಣತನ ಇರುವುದೇ ಇಲ್ಲಿ. ಹೊಸದನ್ನು ಹೇಳುವಾಗಲೂ ಅದು ಹಳೆಯದನ್ನೇ ಹುಡುಕಿ ತೆಗೆದೆವೆನ್ನುತ್ತದೆ.

ನ್ಯಾಯಾಧೀಶರ ಈ ಅಧಿಕಾರದ ಮೇಲೆ ಸಂಸತ್ತಿದೆ. ಅಲ್ಲಿ ನಮ್ಮ ಹಾಗೆ ಒಂದೇ ಗ್ರಂಥವಾಗಿ ಬರೆದ ಸಂವಿಧಾನವಿಲ್ಲ, ಸಂಸತ್ತಿನ ಕಾಯ್ದೆಯನ್ನು ಅಸಿಂಧುವೆಂದು ಹೊಡೆದುಹಾಕುವ ಅಧಿಕಾರ ಕೋರ್ಟಿಗಿಲ್ಲ. 1942ರಲ್ಲಿ ಜಪಾನೀಯರ ಕೈಗೆ ಸಿಗದಿರಲೆಂದು ಬ್ರಿಟಿಷ್ ಸೇನೆ ಬರ್ಮಾದ ತೈಲ ಸ್ಥಾವರಗಳನ್ನು ನಾಶಮಾಡಿತ್ತು. ಪರಿಹಾರ ಕೊಡಬೇಕೆಂಬ ತೀರ್ಪನ್ನು ಬರ್ಮಾ ಆಯಿಲ್ ಕಂಪನಿ ಪಡೆದುಕೊಂಡಿತು. ಸಂಸತ್ತು 1965ರಲ್ಲಿ ಹಿಂದಿನಿಂದಲೇ ಜಾರಿಯಾಗುವಂಥ ಕಾಯ್ದೆ ಮಾಡಿ ಆ ಹಕ್ಕನ್ನೇ ಅಳಿಸಿಹಾಕಿತು. ಕೋರ್ಟು ಸುಮ್ಮನಾಯಿತು.

ಹಾಗಾದರೆ ಸಂಸತ್ತು ಸರ್ಕಾರಕ್ಕೆ ವಿಪರೀತ ಅಧಿಕಾರ ಕೊಟ್ಟುಬಿಟ್ಟರೆ? ಇಲ್ಲಿ ಅಟ್ಕಿನ್ ಮತ್ತೆ ಬರುತ್ತಾರೆ, ಈ ಸಲ ಸೋತವರಾಗಿ. ಎರಡನೆಯ ಮಹಾಯುದ್ಧದ ಕಾಲ. ಶತ್ರುಗಳ ಜೊತೆ ಸಂಬಂಧವಿದೆಯೆಂದು ನಂಬಲು ‘ಸಮಂಜಸ ಕಾರಣವಿದ್ದರೆ’ ಗೃಹ ಸಚಿವರು ಯಾರನ್ನಾದರೂ ವಿಚಾರಣೆಯಿಲ್ಲದೆ ಬಂಧಿಸಬಹುದು ಎಂಬ ನಿಯಮವಿತ್ತು. ಹಾಗೆ ಬಂಧನಕ್ಕೊಳಗಾದ ರಾಬರ್ಟ್ ಲಿವರ್ಸಿಜ್ ಕಾರಣ ತೋರಿಸಿ ಎಂದ. ಸಚಿವರು ಕಾರಣವಿದೆಯೆಂದು ಪ್ರಾಮಾಣಿಕವಾಗಿ ಭಾವಿಸಿದರೆ ಅಷ್ಟೇ ಸಾಕು ಎಂದರು ನಾಲ್ವರು ಲಾರ್ಡ್‌ಗಳು. 1941ರ ನವೆಂಬರಿನಲ್ಲಿ, ಬಾಂಬು ಬಿದ್ದು ಹಾಳಾದ ಲಂಡನ್ನಿನಲ್ಲಿ, ಅಟ್ಕಿನ್ ಒಬ್ಬರೇ ಬೇರೆ ಬರೆದರು. ‘ಕಾರಣವಿದ್ದರೆ’ ಬೇರೆ, ‘ಕಾರಣವಿದೆಯೆಂದು ತನಗನಿಸಿದರೆ’ ಬೇರೆ. ಕಾಲು ಮುರಿದಿದೆ ಎನ್ನುವುದೂ ಮುರಿದಿದೆಯೆಂದು ಭಾವಿಸುವುದೂ ಒಂದೇ ಆದೀತೇ ಎಂಬ ಅರ್ಥದಲ್ಲಿ ಕೇಳಿದರು. ಪದಕ್ಕೆ ತಾನು ಹೇಳಿದ್ದೇ ಅರ್ಥವೆನ್ನುವ ಮಕ್ಕಳ ಕಥೆಯ ಹಂಪ್ಟಿ ಡಂಪ್ಟಿಯನ್ನೂ ಎಳೆತಂದರು. ಅದನ್ನು ತೆಗೆಯಿರಿ ಎಂದು ಲಾರ್ಡ್ ಚಾನ್ಸಲರ್ ಕೇಳಿಕೊಂಡರೂ ಬಗ್ಗಲಿಲ್ಲ. ಶಸ್ತ್ರಗಳ ಸದ್ದಿನ ನಡುವೆಯೂ ಈ ದೇಶದಲ್ಲಿ ಕಾನೂನು ಮೂಕವಾಗುವುದಿಲ್ಲ ಎಂಬ ಮಾತು ಆ ಭಿನ್ನ ತೀರ್ಪಿನದೇ.

ಭಿನ್ನ ತೀರ್ಪಿಗೆ ಆ ದಿನ ಮೂರುಕಾಸಿನ ಬೆಲೆಯಿಲ್ಲ. ಲಿವರ್ಸಿಜ್ ಜೈಲಿನಲ್ಲೇ ಉಳಿದ. ಆದರೆ ಸೋತ ಕಾರಣವನ್ನೂ ಗೆದ್ದ ಕಾರಣದ ಪಕ್ಕದಲ್ಲೇ ಅಚ್ಚುಹಾಕಿ ಇಡುವುದು ಈ ವ್ಯವಸ್ಥೆಯ ರೂಢಿ. ನನಗೆ ಇದರಲ್ಲಿ ಹಿಡಿಸುವುದು ಈ ಒಂದು ರೂಢಿಯೇ. 1979ರ ಕೊನೆಯಲ್ಲಿ ತೆರಿಗೆ ಇಲಾಖೆಯ ಶೋಧಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಲಾರ್ಡ್ ಡಿಪ್ಲಾಕ್, ಅಂದು ಬಹುಮತದವರು ತಪ್ಪಿದ್ದರು, ಅಟ್ಕಿನ್ ಹೇಳಿದ್ದೇ ಸರಿ ಎಂದು ಬಹಿರಂಗವಾಗಿ ಒಪ್ಪಿಕೊಂಡರು.

ಆ ಹೊತ್ತಿಗೆ ಹಳೆಯ ಬಹುಮತದ ನೆರಳು ಭಾರತದ ಮೇಲೆ ಬಿದ್ದು ಹೋಗಿತ್ತು. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಹೇರಿದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದರು. ಇಲ್ಲೇ ಬಂಧನವಾಗಿ, ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹೋಯಿತು. ‘ಹಿಡಿದಿಟ್ಟವನನ್ನು ನಮ್ಮ ಮುಂದೆ ತಂದು ಕಾರಣ ಹೇಳಿ’ ಎಂದು ಕೋರ್ಟು ಆಜ್ಞಾಪಿಸುವ ಈ ರಿಟ್ ಕೂಡ ಇಂಗ್ಲಿಷ್ ಕಾನೂನಿನ ಕೊಡುಗೆ. ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಇಂಥ ಅರ್ಜಿ ಕೇಳುತ್ತೇವೆ ಎಂದವು. ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ್ ಪ್ರಕರಣದಲ್ಲಿ, ಲಿವರ್ಸಿಜ್ ತೀರ್ಪನ್ನೂ ಚರ್ಚಿಸಿ, ತುರ್ತುಪರಿಸ್ಥಿತಿಯಲ್ಲಿ ಇಂಥ ಅರ್ಜಿ ಹಾಕುವ ಹಕ್ಕಿಲ್ಲವೆಂದಿತು. ಇಲ್ಲೂ ನಾಲ್ಕಕ್ಕೆ ಒಂದು. ಒಂಟಿಯಾಗಿ ವಿರೋಧಿಸಿದ ಎಚ್.ಆರ್. ಖನ್ನಾ ಅವರ ಸೇವಾ ಹಿರಿತನವನ್ನು ಸರ್ಕಾರ ಮರುವರ್ಷ ಕಡೆಗಣಿಸಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಖನ್ನಾ ರಾಜೀನಾಮೆ ಕೊಟ್ಟರು.

1978ರ 44ನೆಯ ತಿದ್ದುಪಡಿ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಜಾರಿಗೊಳಿಸಲು ಕೋರ್ಟಿಗೆ ಹೋಗುವುದನ್ನು ತುರ್ತುಪರಿಸ್ಥಿತಿಯಲ್ಲೂ ತಡೆಯಲಾಗದಂತೆ ಮಾಡಿತು. ಮುಂದಿನ ದಿನಗಳಲ್ಲಿ ನಾಗರಿಕನಿಗೆ ನಿಜವಾದ ರಕ್ಷಣೆಯಾಗಿದ್ದು ಈ ತಿದ್ದುಪಡಿ. ತೀರ್ಪು ಮಾತ್ರ ಪುಸ್ತಕದಲ್ಲಿ ಹಾಗೇ ಉಳಿದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಆ ಸಾಲುಗಳನ್ನು ಬರೆದವರು ಡಿ.ವೈ. ಚಂದ್ರಚೂಡ್; 1976ರ ಬಹುಮತದ ನಾಲ್ವರಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡ್ ಕೂಡ ಒಬ್ಬರು.